ರೆಸಿಡೆಂಟ್ ಈವಿಲ್ (ಆರ್‌ಇ) 2ರಲ್ಲಿ ಮಿಸ್ಟರ್ ಎಕ್ಸ್ ಕಾಲ್ ಸಪ್ಪಳ ಕೇಳಿದ್ರೆ ಗೇಮ್ ಬಂದ್ ಮಾಡ್ತೀನಿ, ಆರ್‌ಇ 4 ಮಾತ್ರ ಆರಾಮಾಗಿ ಮುಗಿಸ್ದೆ, ಯಾಕೆ ಹಿಂಗೆ?

ನೈಟ್‌ಶಿಫ್ಟ್_ವಿಜಯನಗರ

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದ್ಕೊಂಡ್ ಹೋಗ್ತಿದ್ದೆ, ಇದೇ ಮೊದಲ್ನೇ ಪೋಸ್ಟು, ಉದ್ದ ಆದ್ರೆ ಬೈಬೇಡಿ.

ನಾನು ಇಷ್ಟ್ ವರ್ಷ ಆಡಿದ್ದೆಲ್ಲಾ ಹೊಡೆದಾಟದ ಗೇಮ್ಸೇ. ಕಾಲೇಜ್ ಟೈಮಲ್ಲಿ ಸೈಬರ್ ಕೆಫೆಲಿ ಕೌಂಟರ್ ಸ್ಟ್ರೈಕ್ 1.6, ಆಮೇಲೆ ಕೆಲ್ಸ ಸಿಕ್ಕಿ ಸ್ವಂತ ಪಿಸಿ ಅಂತ ಆದ್ಮೇಲೆ ಗಾಡ್ ಆಫ್ ವಾರ್, ಡೂಮ್ ಎಟರ್ನಲ್, ಸೆಕಿರೋ. ಸೆಕಿರೋ ಕೊನೇ ಬಾಸ್ ಇಶ್ಶಿನ್‌ಗೆ ಎರಡು ವಾರ ಹಿಡೀತು ಆದ್ರೂ ಬಿಡ್ಲಿಲ್ಲ, ಅಂದ್ರೆ ಸುಲಭಕ್ಕೆ ಕೈ ಚೆಲ್ಲೋ ಜಾತಿ ಅಲ್ಲ ನಾನು ಅಂತ ಅನ್ಕೊಂಡಿದ್ದೆ. ಹೋದ ಸ್ಟೀಮ್ (ಆನ್‌ಲೈನ್ ಗೇಮ್ ಅಂಗಡಿ) ಸೇಲಲ್ಲಿ ಹಾರರ್ ಒಂದ್ ಕೈ ನೋಡೇಬಿಡೋಣ ಅಂತ ಆರ್‌ಇ 4 ರಿಮೇಕು, ಆರ್‌ಇ 2 ರಿಮೇಕು, ಏಲಿಯನ್ ಐಸೋಲೇಷನ್ ಮೂರೂ ಒಟ್ಟಿಗೆ ತಗೊಂಡೆ.

ಮೊದ್ಲು 4 ಹಾಕ್ದೆ. ಶುರುವಲ್ಲೇ ಆ ಸ್ಪೇನಿನ ಹಳ್ಳಿಲಿ ಊರಿಗ್ ಊರೇ ಕೊಡ್ಲಿ ಕುಡುಗೋಲು ಹಿಡ್ಕೊಂಡು ಮೇಲೆ ಬೀಳುತ್ತೆ, ಒಬ್ಬ ತಲೆಗೆ ಗೋಣಿ ಹಾಕ್ಕೊಂಡು ಚೈನ್‌ಸಾ ತರ್ತಾನೆ, ಆಗ ಒಂದ್ ಸಲ ಎದೆ ಧಸಕ್ ಅಂತು ನಿಜ. ಆದ್ರೆ ಚರ್ಚ್ ಗಂಟೆ ಹೊಡೀತಿದ್ದಂಗೆ ಎಲ್ರೂ ಆಯುಧ ಬಿಸಾಕಿ ಹೊರಟೋಗ್ತಾರೆ, ನಮ್ಮ ಲಿಯಾನ್ ಅಲ್ಲೂ ನಿಂತ್ಕೊಂಡು ಜೋಕ್ ಹೊಡೀತಾನೆ. ಹೀರೋಗೇ ಭಯ ಇಲ್ಲ ಅಂದ್ಮೇಲೆ ನನಗ್ಯಾಕೆ? ಅಲ್ಲಿಂದ ಮುಂದೆ ಗನ್ ಅಪ್‌ಗ್ರೇಡ್ ಮಾಡ್ಸೋದು, ಆ ಸೂಟ್‌ಕೇಸಲ್ಲಿ ಗುಂಡು, ಮೊಟ್ಟೆ, ಮೀನು ಎಲ್ಲಾ ನೀಟಾಗಿ ಜೋಡ್ಸೋದು, ಇದೇ ಮಜಾ. ಎರಡು ವೀಕೆಂಡಲ್ಲಿ ಮುಗೀತು.

ಆಮೇಲೆ 2. ಗುರು, ಅಲ್ಲಿಂದ ಶುರುವಾಯ್ತು ನನ್ ಗೋಳು. ಪೊಲೀಸ್ ಸ್ಟೇಷನ್ ಒಳಗೆ ಜಾಂಬಿಗಳ ಮಧ್ಯೆ ಹೆಂಗೋ ದಾರಿ ಮಾಡ್ಕೊಂಡು, ಕಿಟಕಿಗೆಲ್ಲಾ ಹಲಗೆ ಹೊಡ್ದು, ಇದು ನನ್ ಮನೆ ಅನ್ನೋ ಮಟ್ಟಕ್ಕೆ ಬಂದಿದ್ದೆ. ಆಗ ಹೆಲಿಕಾಪ್ಟರ್ ಬಿದ್ದಿರೋ ಕಾರಿಡಾರಲ್ಲಿ ಆ ಹ್ಯಾಟಿನ ದಾಂಡಿಗ ಮಿಸ್ಟರ್ ಎಕ್ಸ್ ಅದನ್ನ ಎತ್ತಿ ಹಂಗೇ ಪಕ್ಕಕ್ಕಿಟ್ಟು ಬಂದ. ಎಷ್ಟ್ ಗುಂಡು ಹೊಡೆದ್ರೂ ಸ್ವಲ್ಪ ಹೊತ್ತು ಮಂಡಿ ಊರ್ತಾನೆ, ಮತ್ತೆ ಎದ್ದು ಬರ್ತಾನೆ. ಓಡೋದೂ ಇಲ್ಲ, ಸುಮ್ನೆ ನಡ್ಕೊಂಡು. ಧಡ್, ಧಡ್, ಧಡ್. ನಾನು ಫೈಲ್ ರೂಮಲ್ಲಿದ್ರೆ ಅವನು ಮೇಲ್ಗಡೆ ಮಹಡಿಲಿ ಓಡಾಡೋದು ಕೇಳುತ್ತೆ.

ಈಗ ಬುಧವಾರ ರಾತ್ರಿದು ಕೇಳಿ. ಎರಡು ಗಂಟೆ. ಹೆಡ್‌ಫೋನು, ಲೈಟ್ ಆಫು. ಧಡ್ ಧಡ್ ಹತ್ರ ಬಂತು, ಕೈ ಬೆವರ್ತು, ಪಾಸ್ ಮಾಡಿ ಹೆಡ್‌ಫೋನ್ ತೆಗ್ದೆ. ಸದ್ದು ನಿಲ್ಲಲಿಲ್ಲ!! ತಲೆ ಮೇಲೇ ಕೇಳ್ತಿದೆ. ದೇವರಾಣೆ ಒಂದ್ ಅರ್ಧ ನಿಮಿಷ ಕುರ್ಚಿಯಿಂದ ಏಳಲಿಲ್ಲ ನಾನು. ಆಮೇಲೆ ಮೋಟ್ರು ಗೊರ್ ಅಂದಾಗ ಗೊತ್ತಾಯ್ತು, ಕಾವೇರಿ ನೀರು ಬಂದಿದೆ, ಮೇಲ್ಗಡೆ ಓನರ್ ಅಂಕಲ್ ಎದ್ದು ಸಂಪಿನ ಮೋಟ್ರು ಹಾಕಕ್ಕೆ ಓಡಾಡ್ತಿದಾರೆ. ಅವತ್ತಿಂದ ಗೇಮ್ ತೆಗ್ದಿಲ್ಲ.

ಏಲಿಯನ್ ಕಥೆ ಇನ್ನೂ ಕೆಟ್ಟದು. ಒಂದು ಲಾಕರ್ ಒಳಗೆ ಬಚ್ಚಿಟ್ಕೊಂಡೋನು ಆಚೆ ಬರಕ್ಕೆ ಧೈರ್ಯ ಸಾಲ್ದೆ ಹದಿನೈದು ನಿಮಿಷ ಅಲ್ಲೇ ಇದ್ದು ಕೊನೆಗೆ ಆಲ್ಟ್ ಎಫ್4 ಒತ್ತಿ ಊಟ ಮಾಡಕ್ಕೆ ಹೋದೆ. ರಿಫಂಡ್ ಮಾಡ್ಸೋಣ ಅಂದ್ರೆ ಆಡಿದ್ದು ಎರಡು ಗಂಟೆ ದಾಟೋಗಿದೆ, ಇನ್ನು ಕೊಡಲ್ಲ.

ನನ್ ಪ್ರಶ್ನೆ ಇಷ್ಟೇ. 4ರಲ್ಲೂ ರಾಕ್ಷಸರೇ, 2ರಲ್ಲೂ ರಾಕ್ಷಸರೇ, ಅದೇ ಲಿಯಾನು, ಅದೇ ಕಂಪ್ನಿ. ಒಂದಕ್ಕೆ ಭಯ ಇಲ್ಲ, ಇನ್ನೊಂದಕ್ಕೆ ಪ್ರಾಣ ಹೋಗುತ್ತೆ. ಗನ್ ಜಾಸ್ತಿ ಇದ್ರೆ ಭಯ ಕಮ್ಮಿ, ಅಷ್ಟೇನಾ ಲೆಕ್ಕ? ಮತ್ತೆ ಇದನ್ನ ಮುಂದುವರ್ಸೋದು ಹೆಂಗೆ?

ಖಾರಾಬಾತ್

ಹಹಹ ಓನರ್ ಅಂಕಲ್‌ಗೆ ಹ್ಯಾಟ್ ಒಂದು ಕೊಡ್ಸಿ ಮಗಾ ಪೂರ್ತಿ ಆಗೋಗ್ಲಿ 😂

ಸರಿ ಕೆಲ್ಸದ್ ಮಾತು. ಎಕ್ಸ್‌ನ ಕೊಲ್ಲಕ್ಕೆ ಹೋಗಬೇಡ, ಗುಂಡು ವೇಸ್ಟು. ಸೇವ್ ರೂಮ್‌ಗೆ ಓಡು, ಒಳಗ್ ಬರಲ್ಲ. ಆದ್ರೆ ಮೇನ್ ಹಾಲಲ್ಲಿ ಗೇಮ್ ಸೇವ್ ಮಾಡೋ ಟೈಪ್‌ರೈಟರ್ ಇದೆ ಅಂತ ಅದನ್ನ ಸೇವ್ ರೂಮ್ ಅನ್ಕೊಂಡು ಆರಾಮಾಗಿ ನಿಂತ್ಕೋಬೇಡ, ಅಲ್ಲಿಗೆ ರಾಜಾರೋಷವಾಗಿ ಬರ್ತಾನೆ, ಅನುಭವ ಇದೆ.

ಹಳೇ_ಜಾಯ್‌ಸ್ಟಿಕ್

ತಮ್ಮಾ, ಗನ್ ಲೆಕ್ಕ ಅರ್ಧ ಸರಿ, ಪೂರ್ತಿ ಅಲ್ಲ. ನಾನು ಈ ಸೀರೀಸ್‌ನ ಮೊದ್ಲಿಂದ ಆಡ್ಕೊಂಡ್ ಬಂದೋನು, ಆಗ ಮೆಜೆಸ್ಟಿಕ್ ಹತ್ರ ನ್ಯಾಷನಲ್ ಮಾರ್ಕೆಟಲ್ಲಿ ಸಿಡಿ ಸಿಗ್ತಿತ್ತು, ಒರಿಜಿನಲ್ ಅಂತ ಯಾರೂ ಕೇಳ್ತಿರ್ಲಿಲ್ಲ ಬಿಡಿ, ಮನೆಗ್ ತಂದು ಹಾಕಿದ್ಮೇಲೆ ಓಡಿದ್ರೆ ಪುಣ್ಯ. ಅಲ್ಲಿಂದ್ಲೇ ಸೆಕೆಂಡ್‌ಹ್ಯಾಂಡ್ ಪ್ಲೇಸ್ಟೇಷನ್ ಜೊತೆಗೆ 1996ರ ಮೊದಲ್ನೇ ರೆಸಿಡೆಂಟ್ ಈವಿಲ್ ಬಂದಿದ್ದು. ಕ್ಯಾಮೆರಾ ಗೋಡೆ ಮೂಲೇಲಿ ಸಿಸಿಟಿವಿ ಥರ ನಿಂತಿರ್ತಿತ್ತು, ಮುಂದೇನಿದೆ ಅಂತ ನಮ್ಗೆ ಕಾಣಲ್ಲ, ನರಳೋ ಶಬ್ದ ಮಾತ್ರ ಕೇಳುತ್ತೆ. ಪ್ರತಿ ರೂಮಿಗೂ ಬಾಗ್ಲು ನಿಧಾನಕ್ಕೆ ತೆರ್ಕೊಳ್ಳೋದನ್ನ ತೋರ್ಸೋರು, ಅಸಲಿಗೆ ಅದು ಸಿಡಿ ಲೋಡ್ ಆಗೋ ಟೈಮ್ ಮುಚ್ಚಾಕಕ್ಕೆ, ಆದ್ರೆ ನಮ್ಗೆ ಆ ಐದಾರು ಸೆಕೆಂಡಲ್ಲೇ ಅರ್ಧ ಜೀವ ಹೋಗಿರ್ತಿತ್ತು. ಸೇವ್ ಮಾಡಕ್ಕೂ ಇಂಕ್ ರಿಬ್ಬನ್ ಬೇಕು. ಕ್ರಿಸ್ ಆಗಿ ಆಡಿದ್ರೆ ಕೈಯಲ್ಲಿ ಇಟ್ಕೊಳ್ಳಕ್ಕೆ ಆರೇ ಜಾಗ, ಜಿಲ್‌ಗೆ ಎಂಟು. ಗನ್ ಒಂದು, ಗುಂಡು ಒಂದು, ಗಿಡಮೂಲಿಕೆ ಒಂದು, ಕೀ ಒಂದು ಅಂತ ಲೆಕ್ಕ ಹಾಕ್ತಾ ತಿಂಗಳ ಕೊನೇಲಿ ರೇಷನ್ ಎಣಿಸ್ದಂಗೆ ಆಡ್ತಿದ್ವಿ.

ಆ ಮೊದಲ್ನೇದನ್ನ ಮಾಡಿದ ಅದೇ ಶಿಂಜಿ ಮಿಕಾಮಿ 2005ರಲ್ಲಿ 4 ಮಾಡಿದ್ದು, ಕ್ಯಾಮೆರಾನ ತಂದು ಹೆಗಲ ಮೇಲೆ ಕೂರ್ಸಿದ್ದು. ಅಷ್ಟೊತ್ತಿಗಾಗ್ಲೇ ಒಂದು ತಮಾಷೆ ಆಗೋಗಿತ್ತು, 4 ಅಂತ ಶುರು ಮಾಡಿದ ಒಂದು ಪ್ರಯತ್ನ ದಾರಿ ತಪ್ಪಿ ಬೇರೇನೇ ಆಗಿ 2001ರಲ್ಲಿ ಡೆವಿಲ್ ಮೇ ಕ್ರೈ ಅನ್ನೋ ಆಕ್ಷನ್ ಗೇಮಾಗಿ ಆಚೆ ಬಂತು. ಅಂದ್ರೆ ಹಾರರ್ ಹೊಟ್ಟೇಲೇ ಆಕ್ಷನ್ ಹುಟ್ಟಿದ್ದು, ಇವೆರಡೂ ದಾಯಾದಿಗಳು.

ಈಗ ನಿನ್ ಪ್ರಶ್ನೆಗೆ. ಡೂಮ್ ಎಟರ್ನಲ್ ಆಡಿದೀಯಲ್ಲ, ಅದ್ರಲ್ಲಿ ಹೆಲ್ತ್ ಕಮ್ಮಿ ಆದ್ರೆ ಏನ್ಮಾಡ್ತೀಯ? ಹಿಂದೆ ಓಡಲ್ಲ, ಮುಂದೆ ನುಗ್ಗಿ ಯಾವನಾದ್ರೂ ಒಬ್ಬನ್ನ ಗ್ಲೋರಿ ಕಿಲ್ (ಮೈಮೇಲೆ ಬಿದ್ದು ಕೈಯಾರೆ ಮುಗಿಸೋದು) ಮಾಡ್ತೀಯ, ಅವನ ಮೈಯಿಂದ ಹೆಲ್ತ್ ಉದುರುತ್ತೆ. ಗುಂಡು ಖಾಲಿ ಆದ್ರೆ ಚೈನ್‌ಸಾ ಹಾಕ್ತೀಯ, ಗುಂಡು ಉದುರುತ್ತೆ. ಅಲ್ಲಿ ಕೊರತೆ ಬಂದಷ್ಟೂ ನೀನು ಶತ್ರು ಹತ್ರಕ್ ಹೋಗ್ತೀಯ, ರಾಕ್ಷಸ ಅಂದ್ರೆ ಕಿರಾಣಿ ಅಂಗಡಿ ಇದ್ದಂಗೆ. ಆರ್‌ಇ 2ರಲ್ಲಿ ಅದೇ ಕೊರತೆ ನಿನ್ನ ಹಿಂದಕ್ಕೆ ತಳ್ಳುತ್ತೆ. ಒಂದು ಜಾಂಬಿನ ಕೊಂದ್ರೆ ನಿನಗೇನೂ ಸಿಗಲ್ಲ, ಗುಂಡು ಹೋಯ್ತು ಅಷ್ಟೇ. ಆದ್ರಿಂದ ಬಂದೂಕು ಕೈಯಲ್ಲಿದ್ರೂ ಎತ್ತಕ್ಕೆ ಮನಸ್ಸು ಬರಲ್ಲ. ನನ್ ಪ್ರಕಾರ ಎರಡಕ್ಕೂ ಇರೋ ವ್ಯತ್ಯಾಸ ಅದು, ಗನ್ ಎಷ್ಟಿದೆ ಅನ್ನೋದಲ್ಲ. 4ರಲ್ಲಿ ಸತ್ತೋನು ಗುಂಡು ದುಡ್ಡು ಬಿಟ್ಟು ಸಾಯ್ತಾನೆ ನೋಡು, ಅಲ್ಲೇ ಆಟ ಬದಲಾಗೋಯ್ತು.

2012ರ 6 ಅಂತೂ ಪೂರ್ತಿ ಪಟಾಕಿ ಅಂಗಡಿ ಆಗಿತ್ತು. ಚೆನ್ನಾಗ್ ಬೈಸ್ಕೊಂಡು 2017ರಲ್ಲಿ 7 ಮಾಡುವಾಗ ಮತ್ತೆ ಒಂದು ಮನೆ ಒಳಗೆ, ಅದೂ ಫಸ್ಟ್ ಪರ್ಸನಲ್ಲಿ ಕೂಡಿ ಹಾಕಿದ್ರು. ಅದನ್ನ ಈಗ್ಲೇ ಮುಟ್ಟಬೇಡ ನೀನು.

ಖಾರಾಬಾತ್

ರಾಕ್ಷಸ = ಕಿರಾಣಿ ಅಂಗಡಿ 🔥 ಅಂಕಲ್ ಇದನ್ನ ಸ್ಟೇಟಸ್ ಹಾಕ್ಕೋತೀನಿ

ಸಂಪಿಗೆರೋಡ್_ಸಂಜೆ

ಹಳೇ ಜಾಯ್‌ಸ್ಟಿಕ್ ಸರ್ ಹೇಳಿದ್ದು ಒಪ್ತೀನಿ, ಆದ್ರೆ ಲೆಕ್ಕಾಚಾರದಲ್ಲೇ ಭಯ ಪೂರ್ತಿ ಮುಗಿಯಲ್ಲ. ಅವರ ಲೆಕ್ಕದಲ್ಲಿ ಆರ್‌ಇ 4ಲಿ ಭಯಾನೇ ಇರಬಾರದು. ನೈಟ್‌ಶಿಫ್ಟ್ ಅವ್ರೇ, ನೀವು ಮುಗಿಸಿದೀನಿ ಅಂತೀರಲ್ಲ, ಕೊನೇಲಿ ದ್ವೀಪದಲ್ಲಿ ಬರೋ ರೀಜನರೇಟರ್ ನೆನಪು ಮಾಡ್ಕೊಳ್ಳಿ. ಆ ಲ್ಯಾಬ್ ಕಾರಿಡಾರು, ಆ ಮುಗ್ಗರಿಸೋ ಉಸಿರಾಟದ ಶಬ್ದ. ಅಷ್ಟೊತ್ತಿಗೆ ನಿಮ್ ಹತ್ರ ಶಾಟ್‌ಗನ್ನು ರೈಫಲ್ಲು ಎಲ್ಲಾ ಇತ್ತು ಅಲ್ವಾ? ಆದ್ರೂ ಕಾಲು ಕಿತ್ರೆ ಕಾಲು ಬೆಳೀತಿತ್ತು. ಒಳಗಿರೋ ಹುಳ ಕಾಣೋ ಬಯೋಸೆನ್ಸರ್ ಸ್ಕೋಪ್ ಸಿಗೋವರೆಗೂ ಅವನು ದೆವ್ವ, ಸಿಕ್ಕಿದ್ಮೇಲೆ ಅವನೂ ಕಿರಾಣಿ ಅಂಗಡಿ. ಬದಲಾಗಿದ್ದು ಗನ್ ಅಲ್ಲ, ಎಲ್ಲಿಗೆ ಹೊಡೀಬೇಕು ಅಂತ ಗೊತ್ತಾಗಿದ್ದು.

ನಾನು ಸೌಂಡ್ ಎಡಿಟಿಂಗ್ ಕೆಲ್ಸ ಮಾಡೋಳು, ಆದ್ರಿಂದ ಕಿವಿ ಕಡೆಯಿಂದ ಹೇಳ್ತೀನಿ. ಎಕ್ಸ್ ಹೆದರ್ಸೋದು ಮುಖದಿಂದಲ್ಲ. ಮುಖ ನೋಡಿ, ಬ್ಯಾಂಕಲ್ಲಿ ಚಲನ್ ವಾಪಸ್ ಕೊಡೋರ ಥರ ಇದೆ. ಹೆದರ್ಸೋದು ಅವನ ಬೂಟು. ಅದು ನಿಮ್ಗೆ ಅರ್ಧ ವಿಷ್ಯ ಹೇಳುತ್ತೆ, ಬರ್ತಿದಾನೆ ಅಂತ, ಹತ್ರ ಇದಾನೆ ಅಂತ. ಯಾವ ಬಾಗ್ಲಲ್ಲಿ ಬರ್ತಾನೆ ಅಂತ ಹೇಳಲ್ಲ. ಉಳಿದಿದ್ದನ್ನ ನಿಮ್ಮ ತಲೆನೇ ತುಂಬ್ಕೊಳ್ಳುತ್ತೆ. ಸೈಲೆಂಟ್ ಹಿಲ್ ಅನ್ನೋ ಗೇಮಲ್ಲಿ ರಾಕ್ಷಸ ಹತ್ರ ಬಂದ್ರೆ ರೇಡಿಯೋ ಗರಗರ ಅನ್ನೋದೂ ಇದೇ ವಿದ್ಯೆ, ಏಲಿಯನ್‌ನಲ್ಲಿ ಹತ್ರ ಏನು ಓಡಾಡ್ತಿದೆ ಅಂತ ತೋರ್ಸೋ ಮೋಷನ್ ಟ್ರ್ಯಾಕರ್ ಬೀಪೂ ಇದೇ, ಅದಂತೂ ಇನ್ನೊಂದ್ ಹೆಜ್ಜೆ ಮುಂದೆ, ನೀವು ಅದನ್ನ ನೋಡಿದ್ರೆ ಆ ಬೀಪ್ ಶಬ್ದಕ್ಕೇ ಏಲಿಯನ್ ಬರುತ್ತೆ. ಸಹಾಯ ಮಾಡೋದೇ ಹಿಡ್ಕೊಡುತ್ತೆ.

ನಮ್ಮೂರಲ್ಲೇ ಇದಕ್ಕೆ ಹಳೇ ಉದಾಹರಣೆ ಇದೆ, ನಾಳೆ ಬಾ. ತೊಂಬತ್ತರ ದಶಕದಲ್ಲಿ ನಾನಿನ್ನೂ ಚಿಕ್ಕೋಳು, ರಾತ್ರಿ ದೆವ್ವ ಬಂದು ಮನೆಯೋರ ದನೀಲೇ ಕೂಗುತ್ತೆ, ಬಾಗ್ಲು ತೆಗೆದ್ರೆ ಮುಗೀತು ಅಂತ ಸುದ್ದಿ, ನಮ್ ಬೀದೀಲಿ ಮನೆ ಮನೆ ಬಾಗ್ಲ ಮೇಲೂ ಸೀಮೆಸುಣ್ಣದಲ್ಲಿ ನಾಳೆ ಬಾ ಅಂತ ಬರೆದಿದ್ರು. ಆ ದೆವ್ವನ ನೋಡಿದೀನಿ ಅಂದೋರು ನಮ್ ಕೇರೀಲಿ ಒಬ್ರೂ ಇರ್ಲಿಲ್ಲ. ಅದಕ್ಕೆ ಹಲ್ಲು, ಕೂದ್ಲು, ಉಗುರು ಏನೂ ಬೇಕಾಗಿರ್ಲಿಲ್ಲ, ಬಾಗಿಲಾಚೆ ಅಮ್ಮನ ದನಿ ಇದ್ರೆ ಸಾಕಿತ್ತು. ಅಪ್ಪ ಪಾಳಿ ಮುಗಿಸಿ ತಡವಾಗಿ ಬಂದ್ರೆ ಅಮ್ಮ ಕಿಟಕಿಲಿ ಇಣುಕಿ ನೋಡಿ, ಮೂರ್ ಸಲ ಕೂಗಿಸ್ಕೊಂಡೇ ಬಾಗ್ಲು ತೆಗೀತಿದ್ದಿದ್ದು.

ಅದೇ ಅಮ್ಮ ಈಗ ನನ್ ಪಕ್ಕ ಕೂತು ಸೈಲೆಂಟ್ ಹಿಲ್ 2 ನೋಡ್ತಾರೆ, 2024ರಲ್ಲಿ ಬಂದ ರಿಮೇಕು. ಅವ್ರಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಕಥೆ ನಾನೇ ಹೇಳ್ಬೇಕು. ಸತ್ತೋಗಿರೋ ಹೆಂಡ್ತಿಯಿಂದ ಕಾಗದ ಬಂತು ಅಂತ ಇವನು ಆ ಊರಿಗೆ ಹೋಗ್ತಾನಮ್ಮಾ ಅಂದೆ. "ಸತ್ತೋಳು ಕಾಗ್ದ ಬರೀತಾಳಾ? ಇವನೇ ಏನೋ ಮಾಡಿದಾನೆ ನೋಡು" ಅಂದ್ರು, ಕಾಳು ಬಿಡಿಸ್ತಾ. ನಾನು ಬಾಯಿ ಮುಚ್ಕೊಂಡಿದ್ದೆ. ಮೊದಲ್ನೇ ಸೈಲೆಂಟ್ ಹಿಲ್ 1999ರದ್ದು, ಪ್ಲೇಸ್ಟೇಷನ್‌ಗೆ ದೂರದ್ದೆಲ್ಲಾ ಒಟ್ಟಿಗೆ ತೋರ್ಸೋ ತಾಕತ್ತಿರ್ಲಿಲ್ಲ, ಅದನ್ನ ಮರೆಮಾಡಕ್ಕೇ ಮಂಜು ಹಾಕಿದ್ದು. ಈಗಿನ ಮಷಿನ್‌ಗೆ ಆ ಕಷ್ಟ ಇಲ್ಲ, ಆದ್ರೂ ಮಂಜು ತೆಗೀಲಿಲ್ಲ ನೋಡಿ. ತೆಗೆದಿದ್ರೆ ಊರೇ ಇರ್ತಿರ್ಲಿಲ್ಲ.

ನಿಮ್ಗೆ ನನ್ ಸಲಹೆ, ಒಬ್ರೇ ಆಡಬೇಡಿ. ಪಕ್ಕದಲ್ಲಿ ಕಾಳು ಬಿಡ್ಸೋರು ಒಬ್ರು ಇರಲಿ.

ಹೆಡ್‌ಶಾಟ್_ಹನುಮಂತನಗರ

ಎಲ್ರೂ ದೊಡ್ ದೊಡ್ಡದಾಗಿ ಬರೆದ್ರಿ, ನಾನೊಂದ್ ಚಿಕ್ಕದು. ಆರ್‌ಇ 2ಲಿ ನನ್ ತಲೆ ಕೆಟ್ಟೋಗಿದ್ದು ಎಕ್ಸ್ ಒಬ್ಬನಿಂದ ಅಲ್ಲ, ಎಕ್ಸ್ ಪ್ಲಸ್ ಲಿಕ್ಕರ್ (ಉದ್ದ ನಾಲಿಗೆಯ ರಾಕ್ಷಸ). ಲಿಕ್ಕರ್‌ಗೆ ಕಣ್ಣಿಲ್ಲ, ಕಿವಿ ಮಾತ್ರ, ನಿಧಾನಕ್ಕೆ ನಡೆದ್ರೆ ಪಕ್ಕದಲ್ಲೇ ದಾಟಬಹುದು. ಎಕ್ಸ್ ಬಂದ್ರೆ ಓಡಬೇಕು. ಈಗ ಲಿಕ್ಕರ್ ಇರೋ ಕಾರಿಡಾರಲ್ಲಿ ಹಿಂದಿಂದ ಎಕ್ಸ್ ಬಂದ್ರೆ?? ಓಡಿದ್ರೆ ಲಿಕ್ಕರ್ ಹಿಡಿಯುತ್ತೆ, ನಡೆದ್ರೆ ಎಕ್ಸ್. ಒಂದೊಂದೇ ಬಂದಿದ್ರೆ ಎರಡಕ್ಕೂ ಉತ್ತರ ಗೊತ್ತಿತ್ತು. ಸಿಲ್ಕ್ ಬೋರ್ಡಲ್ಲಿ ಮುಂದೆ ಟ್ಯಾಂಕರ್ ಹಿಂದೆ ಬಸ್ಸು, ಅದೇ ಫೀಲಿಂಗ್.

ಏಲಿಯನ್ ಐಸೋಲೇಷನ್ ಬಗ್ಗೆ ಒಂದು. ಅದ್ರಲ್ಲಿ ಏಲಿಯನ್‌ಗೆ ಎರಡು ಮಿದುಳು ಇಟ್ಟಿದಾರೆ. ಒಂದಕ್ಕೆ ನೀನೆಲ್ಲಿದೀಯ ಅಂತ ಯಾವಾಗ್ಲೂ ಗೊತ್ತು, ಆದ್ರೆ ಅದು ಇನ್ನೊಂದಕ್ಕೆ ಪೂರ್ತಿ ಹೇಳಲ್ಲ, ಆ ಕಡೆ ಹೋಗಿ ನೋಡು ಅಂತ ಸುಳಿವು ಕೊಡುತ್ತೆ ಅಷ್ಟೇ. ಹುಡ್ಕೋದು ಏಲಿಯನ್‌ದೇ ಕೆಲ್ಸ, ಕಣ್ಣು ಕಿವಿ ಬಳಸ್ಕೊಂಡು. ತುಂಬ ಹೊತ್ತು ನಿನ್ನ ಕಾಡಿಸಿದ್ರೆ ಮೊದಲ್ನೇದೇ ಅದನ್ನ ವಾಪಸ್ ಕರೆಸ್ಕೊಳ್ಳುತ್ತೆ, ಡಕ್ಟ್ ಒಳಗೆ ಹೋಗುತ್ತೆ. ಅಂದ್ರೆ ನೀನು ಲಾಕರಲ್ಲಿ ಹದಿನೈದು ನಿಮಿಷ ಕೂತಿದ್ದು ಸುಮ್ನೆ. ಎದ್ದು ನಡಿಬೇಕಿತ್ತು ಮಗಾ. ಫ್ಲೇಮ್‌ಥ್ರೋವರ್ (ಬೆಂಕಿ ಉಗುಳೋ ಗನ್) ಸಿಗೋವರೆಗೂ ತಡ್ಕೋ, ಅದ್ರಿಂದ ಏಲಿಯನ್ ಸಾಯಲ್ಲ ಆದ್ರೆ ಹೆದ್ರಿ ಓಡುತ್ತೆ, ಅವಾಗ ಉಸಿರು ಬರುತ್ತೆ. ಕನ್ಸೋಲಲ್ಲಿ ಮೈಕ್ ಆಪ್ಷನ್ ಬೇರೆ ಇತ್ತು, ನಿಜವಾದ ರೂಮಲ್ಲಿ ಶಬ್ದ ಆದ್ರೆ ಏಲಿಯನ್‌ಗೆ ಕೇಳ್ಸುತ್ತೆ. ಫ್ರೆಂಡ್ ಮನೇಲಿ ಅದನ್ನ ಆನ್ ಮಾಡಿ ಆಡ್ತಿದ್ವಿ, ಅವರಮ್ಮನ ಕುಕ್ಕರ್ ಮೂರ್ ವಿಷಲ್ ಹೊಡೀತು. ಸತ್ವಿ.

ನೈಟ್‌ಶಿಫ್ಟ್_ವಿಜಯನಗರ

ಅಯ್ಯೋ ಲಾಕರಲ್ಲಿ ಕೂತಿದ್ದೆಲ್ಲಾ ವೇಸ್ಟಾ 🤦 ಎಲ್ರಿಗೂ ಥ್ಯಾಂಕ್ಸ್. ಸಂಪಿಗೆರೋಡ್ ಅಕ್ಕ, ರೀಜನರೇಟರ್ ನೆನಪು ಮಾಡ್ಸಿದ್ರಿ, ನಿಜ, ಅಲ್ಲೊಂದೇ ಕಡೆ ವಾಲ್ಯೂಮ್ ಕಮ್ಮಿ ಮಾಡ್ಕೊಂಡು ಆಡಿದ್ದೆ, ಮರೆತೇಬಿಟ್ಟಿದ್ದೆ. ಒಂದ್ ಡೌಟು, ನಾಳೆ ಬಾ ಥರದ್ದು ಇಟ್ಕೊಂಡು ನಮ್ ದೇಶದಲ್ಲಿ ಯಾರೂ ದೊಡ್ಡ ಗೇಮ್ ಮಾಡಿಲ್ವಾ?

ಹಳೇ_ಜಾಯ್‌ಸ್ಟಿಕ್

ಪುಣೆಯ ನಾಡಿಂಗ್ ಹೆಡ್ಸ್ ಅನ್ನೋರು 2020ರಲ್ಲಿ ರಾಜಿ ಮಾಡಿದ್ರು. ಹಾರರ್ ಅಲ್ಲ, ಆಕ್ಷನ್ನು, ನಮ್ಮ ಪುರಾಣದ ಅಸುರರ ಜೊತೆ ಒಂದು ಹುಡುಗಿ ಹೊಡೆದಾಡೋದು, ಬಣ್ಣ ಚಿತ್ರ ಎಲ್ಲಾ ಸೊಗಸಾಗಿದೆ, ಹೊಡೆದಾಟ ಸ್ವಲ್ಪ ಸಪ್ಪೆ. ಬೆಂಗಳೂರಿನ ವಠಾರ, ಹತ್ತು ಮನೆಗೆ ಒಂದು ಬಚ್ಚಲು, ರಾತ್ರಿ ಕರೆಂಟ್ ಇಲ್ಲ, ಯಾರೋ ಚೊಂಬು ಎತ್ತಿಟ್ಟ ಶಬ್ದ ಅಂತ ಯಾರಾದ್ರೂ ಮಾಡಿದ್ರೆ ಮೊದ್ಲು ದುಡ್ಡು ಕೊಡೋನು ನಾನು.

ನೈಟ್‌ಶಿಫ್ಟ್_ವಿಜಯನಗರ

ಅಪ್ಡೇಟ್. ಶನಿವಾರ ರಾತ್ರಿ ಧೈರ್ಯ ಮಾಡಿ ಆರ್‌ಇ 2 ಮತ್ತೆ ಹಾಕ್ದೆ. ಈ ಸಲ ಲೈಟ್ ಆನು, ಹೆಡ್‌ಫೋನ್ ಬೇಡ ಅಂತ ಸ್ಪೀಕರ್, ಕಾಳು ಬಿಡ್ಸಕ್ಕೆ ಯಾರೂ ಇರ್ಲಿಲ್ಲ ಅಂತ ರೂಮ್‌ಮೇಟ್‌ನ ಎಬ್ಬಿಸಿ ಕೂರಿಸ್ಕೊಂಡೆ, ಅವನು ಹತ್ತು ನಿಮಿಷಕ್ಕೆ ಗೊರಕೆ. ಖಾರಾಬಾತ್ ಹೇಳ್ದಂಗೆ ಕೊಲ್ಲೋ ಯೋಚ್ನೆ ಬಿಟ್ಟು ಸುಮ್ನೆ ದಾರಿ ಲೆಕ್ಕ ಹಾಕ್ಕೊಂಡು ಆಡ್ದೆ, ಒಂದ್ ಬಾಗ್ಲಲ್ಲಿ ಅವನು ಬಂದ್ರೆ ಇನ್ನೊಂದ್ ಬಾಗ್ಲಲ್ಲಿ ನಾನು, ಲೈಬ್ರರಿ ಸುತ್ತ ಅವನನ್ನ ಕರ್ಕೊಂಡು ಎರಡು ರೌಂಡ್ ಹೊಡೆದೆ. ಭಯ ಹೋಯ್ತು ಅಂತಲ್ಲ, ಕೈ ಬೆವರೋದು ಬೆವರ್ತಾನೇ ಇತ್ತು, ಆದ್ರೆ ಆಫ್ ಮಾಡ್ಬೇಕು ಅನ್ನಿಸ್ಲಿಲ್ಲ. ಪೊಲೀಸ್ ಸ್ಟೇಷನ್ ದಾಟಿ ಆಚೆ ಬಂದೆ!!

ಇಷ್ಟಾಗೋ ಅಷ್ಟೊತ್ತಿಗೆ ಒಂದೂ ಮುಕ್ಕಾಲು. ಬಾಗ್ಲು ಬಡಿದ ಶಬ್ದ. ನಿಜವಾದ ಬಾಗ್ಲು. ರೂಮ್‌ಮೇಟು ಗೊರಕೆ ನಿಲ್ಸಿ ಎದ್ದು ಕೂತ. ನಾನು ತೆಗೀಲಿಲ್ಲ, ಯಾರು ಅಂದೆ, ಉತ್ತರ ಇಲ್ಲ. ಮತ್ತೆ ಯಾರು ಅಂದೆ. ಆಮೇಲೆ ಓನರ್ ಅಂಕಲ್ ದನಿ, "ನಾನೇ ಕಣಪ್ಪಾ, ತೆಗಿ". ಅಕ್ಕ, ನಿಮ್ಮಮ್ಮನ ಲೆಕ್ಕದಲ್ಲಿ ಮೂರನೇ ಸಲನೂ ಕೂಗಿಸ್ಕೊಂಡೇ ತೆಗ್ದೆ. ಟಾರ್ಚ್ ಹಿಡ್ಕೊಂಡು ಬನಿಯನ್ ಮೇಲೆ ನಿಂತಿದಾರೆ, ಮುಖ ಬಿಳಿಚ್ಕೊಂಡಿದೆ. "ಎರಡು ಗಂಟೆ ಹೊತ್ತಿಂದ ಕೆಳಗಡೆ ಯಾರೋ ಬೂಟ್ ಹಾಕ್ಕೊಂಡು ಓಡಾಡ್ತಿದಾರೆ ಕಣೋ, ನಿಮ್ಮನೇಲಿ ಯಾರಿದಾರೆ?"

ಖಾರಾಬಾತ್

ಹೇಳ್ಬೇಕಿತ್ತು ಮಗಾ, ನಾಳೆ ಬನ್ನಿ ಅಂತ 😂😂

ನೈಟ್‌ಶಿಫ್ಟ್_ವಿಜಯನಗರ

ಸ್ಪೀಕರ್ ಬಂದ್ ಇನ್ಮೇಲೆ. ಎಸ್‌ಪಿ ರೋಡಲ್ಲಿ ಎರಡು ಸಾವಿರದೊಳಗೆ ಒಳ್ಳೇ ಹೆಡ್‌ಫೋನ್ ಸಿಗುತ್ತಾ ಯಾರಾದ್ರೂ ಹೇಳಿ, ನಂದು ಒಂದು ಕಿವಿ ಹೋಗಿದೆ, ಎಕ್ಸ್ ಯಾವಾಗ್ಲೂ ಎಡಗಡೆಯಿಂದ್ಲೇ ಬರ್ತಾನೆ.